ಹತ್ತು ಗಂಟೆಯೊಳಗೆ ಫೋನ್ ಬಂತು

ಕೆಲಸ ಬದಲಿಸಬೇಕಾ ಬೇಡವಾ ಎಂದು ಮೂರು ವಾರ ಪ್ರಾರ್ಥನೆ ಮಾಡಿದ್ದೆ. ಉತ್ತರ ಸಿಗಲಿಲ್ಲ. ಕೊನೆಗೆ ತಾಳ್ಮೆ ಕೆಟ್ಟು ಗುರುತು ಕೇಳಿದೆ. "ಕರ್ತನೇ, ಇದು ನಿನ್ನ ಚಿತ್ತವಾದರೆ ನಾಳೆ ಹತ್ತು ಗಂಟೆಯೊಳಗೆ ಆ ಹೊಸ ಆಫೀಸಿನವರ ಫೋನ್ ಬರಲಿ." 9:40ಕ್ಕೆ ಬಂತು! ಅದೇ ಖುಷಿಯಲ್ಲಿ ಬೈಬಲ್ ತೆರೆದರೆ ಕಣ್ಣಿಗೆ ಬಿದ್ದದ್ದು ಯೆರೆಮೀಯ 29:11. ದೇವರು ನಮ್ಮ ಬಗ್ಗೆ ಯೋಚಿಸುವುದು ಹಿತವನ್ನೇ, ಕೇಡನ್ನಲ್ಲ ಎನ್ನುವ ವಚನ. ಇನ್ನೇನು ಬೇಕು? ಹೆಂಡತಿಗೆ "ದೇವರು ಹೇಳಿದ್ದಾರೆ" ಎಂದೆ. ಸಂಜೆಯೊಳಗೆ ಒಪ್ಪಿಗೆ ಕಳಿಸಿಬಿಟ್ಟೆ.

ಹದಿನಾಲ್ಕು ತಿಂಗಳಿಗೆ ಆ ಕೆಲಸ ಬಿಟ್ಟೆ. ಅಲ್ಲಿ ಸುಳ್ಳು ಲೆಕ್ಕ ಬರೆಯಲು ಹೇಳಿದರು. ಬಿಡುವುದಕ್ಕೆ ಮಾತ್ರ ನನಗೆ ಯಾವ ಗುರುತೂ ಬೇಕಾಗಲಿಲ್ಲ. ಸುಳ್ಳು ಬರೆಯಬಾರದು ಎಂದು ಮೊದಲೇ ಗೊತ್ತಿತ್ತಲ್ಲ.

ಆಮೇಲೆ ಕೂತು ಆ ಬೆಳಗನ್ನು ಮತ್ತೆ ಯೋಚಿಸಿದೆ. ಇಸ್ರಾಯೇಲ್ಯರನ್ನು ಶತ್ರುಗಳಿಂದ ಬಿಡಿಸಿದ ಗಿದ್ಯೋನನ ಹಾಗೆ ನಾನೂ ಗುರುತು ಕೇಳಿದ್ದೇನೆ ಎಂದುಕೊಂಡಿದ್ದೆ. ಆದರೆ ನ್ಯಾಯಸ್ಥಾಪಕರು 6ನೇ ಅಧ್ಯಾಯದಲ್ಲಿ ಅವನಿಗೆ 14ನೇ ವಚನದಲ್ಲೇ "ಹೋಗು" ಎಂಬ ಅಪ್ಪಣೆ ಸಿಕ್ಕಿತ್ತು. ನೆಲ ಒಣಗಿದ್ದು ಉಣ್ಣೆ ಮಾತ್ರ ಮಂಜಿನಿಂದ ನೆನೆಯಲಿ ಎಂದು ಅವನು ಗುರುತು ಕೇಳುವುದು 36ರಿಂದ ಮುಂದೆ. ಅಂದರೆ ದೇವರ ಚಿತ್ತ ಗೊತ್ತಿಲ್ಲದೆ ಕೇಳಿದ್ದಲ್ಲ, ಗೊತ್ತಿದ್ದೂ ಧೈರ್ಯ ಸಾಲದೆ ಕೇಳಿದ್ದು. ಎರಡನೇ ಸಲ ಕೇಳುವಾಗ "ಸಿಟ್ಟಾಗಬೇಡ" ಎಂದು ಅವನೇ ಬೇಡಿಕೊಳ್ಳುತ್ತಾನೆ. ಇನ್ನು ನನ್ನ ಗುರುತೋ? ಆಫೀಸಿನವರು ಫೋನ್ ಮಾಡುವುದೇ ಬೆಳಿಗ್ಗೆ.

ಯೆರೆಮೀಯನ ವಚನದ್ದು ಇನ್ನೂ ತಮಾಷೆ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. 10ನೇ ವಚನದಲ್ಲಿ 70 ವರ್ಷ ಕಾಯಬೇಕು ಎಂದಿದೆ. 5ರಲ್ಲಿ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಎಂದಿದೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹಿಂದಿನ ಅಧ್ಯಾಯದಲ್ಲಿ ಹೇಳಿದ ಹನನ್ಯನದು ಸುಳ್ಳು ಪ್ರವಾದನೆ. ನನಗೆ ಬೇಕಾಗಿದ್ದದ್ದು ಹನನ್ಯನ ಮಾತು, ಅದನ್ನು ಯೆರೆಮೀಯನ ಬಾಯಲ್ಲಿ ಹೇಳಿಸಿಕೊಂಡಿದ್ದೆ.

ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಹೆಂಡತಿಯ ಮಾತು. "ದೇವರು ಹೇಳಿದ್ದಾರೆ ಅಂದ್ರಿ, ನಾನು ಸುಮ್ಮನಾದೆ. ನನಗೂ ಏನಾದರೂ ಹೇಳಿರಬಹುದಿತ್ತು, ಅಲ್ವಾ?" ಆ ವಾಕ್ಯ ಎದುರಿನವರ ಬಾಯಿ ಮುಚ್ಚಿಸುತ್ತದೆ. ಅದನ್ನು ನಾನು ಅವತ್ತಿನಿಂದ ಬಿಟ್ಟಿದ್ದೇನೆ. "ನನಗೆ ಹೀಗೆ ಅನ್ನಿಸುತ್ತಿದೆ, ನಿನಗೆ?" ಎಂದು ಕೇಳುತ್ತೇನೆ.

ಹಾಗಂತ ಆ ಕೆಲಸ ದೇವರ ಚಿತ್ತವಾಗಿರಲಿಲ್ಲ ಎಂದು ನಾನು ಹೇಳಲಾರೆ. ಊರೂರು ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲನಿಗೆ ಆಸ್ಯ ಸೀಮೆಯ ದಾರಿ ಮುಚ್ಚಿತು, ಬಿಥೂನ್ಯದ ದಾರಿಯೂ ಮುಚ್ಚಿತು, ತ್ರೋವ ಪಟ್ಟಣದಲ್ಲಿ ಬಂದು ಸಹಾಯ ಮಾಡು ಎಂದು ಕರೆಯುವ ಮಕೆದೋನ್ಯದವನ ದರ್ಶನವಾಯಿತು. ಜೊತೆಯಲ್ಲಿದ್ದವರೆಲ್ಲ ಸೇರಿ ಇದು ದೇವರ ಕರೆ ಎಂದು ತೀರ್ಮಾನಿಸಿ ಹೊರಟರು. ಹೋದ ಫಿಲಿಪ್ಪಿಯಲ್ಲಿ ಸಿಕ್ಕಿದ್ದು ಪೆಟ್ಟು ಮತ್ತು ಸೆರೆಮನೆ. ಕಷ್ಟ ಬಂತು ಎಂದರೆ ದಾರಿ ತಪ್ಪು ಎಂದಲ್ಲ. ನನ್ನ ತಪ್ಪು ಇದ್ದದ್ದು ತೀರ್ಮಾನಿಸಿದ ರೀತಿಯಲ್ಲಿ.

ಈಗ ಮೊದಲು ನೋಡಿಕೊಳ್ಳುವುದು, ಗೊತ್ತಿರುವುದನ್ನು ಮಾಡಿದ್ದೇನಾ ಎಂದು. "ಇದೇ ದೇವರ ಚಿತ್ತ" ಎಂದು ಬೈಬಲ್ ಬಾಯಿಬಿಟ್ಟು ಹೇಳುವ ಕಡೆ ನೋಡಿ: 1 ಥೆಸಲೋನಿಕ 4:3ರಲ್ಲಿ ಶುದ್ಧರಾಗಿರಿ, 5:18ರಲ್ಲಿ ಎಲ್ಲದರಲ್ಲೂ ಕೃತಜ್ಞತೆ ಸಲ್ಲಿಸಿ. ಯಾವ ಕೆಲಸ ಹಿಡಿಯಬೇಕು ಎಂದಿಲ್ಲ. ಆ ಮೂರು ವಾರ ಮೊಣಕಾಲೂರಿದ ನಾನು ತಮ್ಮನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕಾಣಿಕೆ ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎನ್ನುವ ಮತ್ತಾಯ 5:24 ನನಗೆ ಬಾಯಿಪಾಠ. ಕೊನೆಗೂ ಹೋದೆ. ಮೊದಲ ಸಲ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ. ಎರಡನೇ ಸಲ ಒಳಗೆ ಕರೆದ.

ಇನ್ನೊಂದು ಅಭ್ಯಾಸ ಲೊಯೋಲದ ಇಗ್ನೇಷಿಯಸ್‌ನಿಂದ ಕಲಿತದ್ದು. (ನಮ್ಮದು ಪ್ರಾಟೆಸ್ಟೆಂಟ್ ಸಭೆ, ಕ್ಯಾಥೊಲಿಕ್ ಸಂತನ ಮಾತೇಕೆ ಎಂದು ಕೆಲವರು ಹುಬ್ಬೇರಿಸಿದರು. ಏರಿಸಲಿ.) 1521ರ ಯುದ್ಧದಲ್ಲಿ ಕಾಲಿಗೆ ಫಿರಂಗಿ ಗುಂಡಿನ ಏಟು ತಿಂದು ಮಲಗಿದ್ದಾಗ ಆತ ಒಂದು ವಿಷಯ ಗಮನಿಸಿದ. ಶೂರತನದ ಕನಸು ಆ ಹೊತ್ತಿಗೆ ಸಿಹಿ, ಆಮೇಲೆ ಮನಸ್ಸು ಒಣಒಣ. ಸಂತರ ಹಾಗೆ ಬದುಕುವ ಯೋಚನೆ ಮಾತ್ರ ಮುಗಿದ ಮೇಲೂ ಖುಷಿ ಉಳಿಸುತ್ತಿತ್ತು. ಹಾಗಾಗಿ ನಾನು ಒಂದು ವಾರ "ಒಪ್ಪಿದ್ದೇನೆ" ಎಂದುಕೊಂಡು ಇರುತ್ತೇನೆ, ಮುಂದಿನ ವಾರ "ಇಲ್ಲ ಎಂದಿದ್ದೇನೆ" ಎಂದು. ರಾತ್ರಿ ಎರಡು ಸಾಲು ಬರೆದಿಡುತ್ತೇನೆ. ಮನಸ್ಸು ಕುಗ್ಗಿದ ದಿನ ಹಳೆಯ ತೀರ್ಮಾನ ಬದಲಿಸುವುದಿಲ್ಲ, ಅದೂ ಆತನದೇ ನಿಯಮ.

"ನನಗೆ ಸಮಾಧಾನ ಇದೆ" ಎನ್ನುವುದನ್ನೂ ಸುಮ್ನೆ ನಂಬುವುದಿಲ್ಲ. ದೇವರಿಂದ ಓಡಿಹೋಗುತ್ತಿದ್ದ ಯೋನ ಹಡಗಿನಲ್ಲಿ ಗಾಢ ನಿದ್ದೆ ಹೊಡೆಯುತ್ತಿದ್ದ. ತಂದೆಯ ಚಿತ್ತಕ್ಕೆ ಒಪ್ಪಿಸಿಕೊಂಡ ಯೇಸು ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಸಂಕಟಪಡುತ್ತಿದ್ದರು.

ಈಚೆಗೆ ಸಭೆಯಲ್ಲಿ ಖಜಾಂಚಿ ಆಗು ಎಂದರು. ಹೆಂಡತಿಯನ್ನು ಕೇಳಿದೆ. "ನಿಮಗೆ ಲೆಕ್ಕ ಇಷ್ಟವೋ, ಮುಂದಿನ ಸಾಲಿನ ಕುರ್ಚಿಯೋ?" ಎಂದಳು. ಸಿಟ್ಟು ಬಂತು. ಎರಡು ವಾರ ಬರೆದದ್ದನ್ನು ಓದಿದೆ. "ಒಪ್ಪಿದ" ವಾರದ ಏಳು ರಾತ್ರಿಗಳಲ್ಲಿ ಐದು ರಾತ್ರಿ ಬರೆದದ್ದು ಯಾರು ಏನು ಹೊಗಳಬಹುದು ಎಂದೇ. ಹೋಗಿ ಬೇಡ ಎಂದು ಹೇಳಿ ಬಂದೆ. ಅವತ್ತು ಯಾವ ಫೋನೂ ಬರಲಿಲ್ಲ. ನಾನೇ ತಮ್ಮನಿಗೆ ಮಾಡಿದೆ, ಅರ್ಧ ಗಂಟೆ ಮಾತಾಡಿದೆವು.