ಗೋಡೆ ಮೊದಲು, ಮುಖ ಕೊನೆಗೆ: ಅಲ್ಮೇಡಾ ಜೂನಿಯರ್ ಚಿತ್ರ ನಕಲು ಮಾಡಿದ ನನ್ನ ಅನುಭವ

ಅಂತೂ ಮೂರನೇ ಕ್ಯಾನ್ವಾಸ್‌ನಲ್ಲಿ ಕೈ ಹತ್ತಿತು. ಎರಡು ವರ್ಷದಿಂದ "ಆಗಲ್ಲ, ಬಿಟ್ಟುಬಿಡು" ಅಂದವರಿಗೆಲ್ಲ ಕಳೆದ ವಾರ ಫೋಟೊ ಕಳಿಸಿದೆ. ಮೈಸೂರಿನಲ್ಲಿ ಜೊತೆಗೆ ಕಲಿತ ಗೆಳೆಯ ಫೋನ್ ಮಾಡಿ ಮೊದಲು ಕೇಳಿದ್ದೇ, "ಆ ಗೋಡೆ ಹೆಂಗೆ ಮಾಡಿದ್ಯೋ?" ಅಂತ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಚಿತ್ರ ಬ್ರೆಜಿಲ್‌ನ ಚಿತ್ರಕಾರ ಅಲ್ಮೇಡಾ ಜೂನಿಯರ್ 1893ರಲ್ಲಿ ಬರೆದ 'ಕಾಯ್ಪಿರಾ ಪಿಕಾಂಡೊ ಫುಮೊ'. ಹೊಗೆಸೊಪ್ಪು ಹೆಚ್ಚುತ್ತಿರುವ ಹಳ್ಳಿಗ. ಮಣ್ಣಿನ ಮನೆಯ ಬಾಗಿಲಲ್ಲಿ ಬರಿಗಾಲಲ್ಲಿ ಕೂತಿದ್ದಾನೆ. ಕೈಯಲ್ಲಿ ಚಾಕು, ಕಿವಿ ಹಿಂದೆ ಸುತ್ತುವುದಕ್ಕೆ ಮುಸುಕಿನ ಜೋಳದ ಸಿಪ್ಪೆ. ನಮ್ಮ ಕಡೆ ಕಿವಿಗೆ ಬೀಡಿ ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗೇ. ಮೂಲ ಚಿತ್ರ ಎರಡು ಮೀಟರ್ ಎತ್ತರ, ನನ್ನದು ಅದರ ಅರ್ಧ. ಅದಿರುವುದು ಸಾವೊ ಪೌಲೊದ ಪಿನಾಕೊಟೆಕಾ ಅನ್ನುವ ಕಲಾ ಮ್ಯೂಸಿಯಂನಲ್ಲಿ, ಲೂಸ್ ಸ್ಟೇಷನ್ ಎದುರಿಗೆ. ನಾನು ಇಲ್ಲಿಗೆ ಕೆಲಸಕ್ಕೆ ಬಂದಮೇಲೆ ಶನಿವಾರಗಳೆಲ್ಲ ಅಲ್ಲೇ ಕಳೆದವು. ಆ ದಿನ ಟಿಕೆಟ್ ಕೊಳ್ಳಬೇಕಿಲ್ಲ.

ಮೊದಲ ಕ್ಯಾನ್ವಾಸ್ ಕಲಿತ ಹಾಗೆಯೇ ಶುರು ಮಾಡಿದೆ. ಬರ್ನ್ಟ್ ಅಂಬರ್ ಅನ್ನುವ ಕಡು ಕಂದು ಬಣ್ಣದ ಹಾಸು, ಅದರ ಮೇಲೆ ನೆರಳು, ಕೊನೆಗೆ ಬೆಳಕು. ಅಂಗಿ ಬಿಸಿಲಲ್ಲಿ ಇದ್ದಂತೆ ಕಾಣಲೇ ಇಲ್ಲ, ಒಗೆಯದ ಬಟ್ಟೆ ತರಹ ಮಂಕಾಯಿತು. ನಾಲ್ಕು ತಿಂಗಳಾದಮೇಲೆ ಕಂದು ಇನ್ನೂ ಮೇಲೆದ್ದು ಬಂತು. ಒಳ್ಳೆಯ ಲಿನನ್ ತಂದಿದ್ದೆ, ಬಣ್ಣ ಸೇರಿ ಸುಮಾರು 1,400 ರಿಯಾಲ್ (ಇಲ್ಲಿನ ದುಡ್ಡು) ಹೋಯಿತು. ಮನೆಯಲ್ಲಿ ಲೆಕ್ಕ ಹೇಳುವುದಕ್ಕೆ ಕಷ್ಟವಾಯಿತು.

ಎರಡನೆಯದರಲ್ಲಿ ಮುಖ ಮೊದಲು ಬರೆದೆ. ಮುಖ ಚೆನ್ನಾಗಿ ಬಂತು, ಈಗಲೂ ಹೇಳುತ್ತೇನೆ, ಬಹಳ ಚೆನ್ನಾಗಿ ಬಂತು. ಅಲ್ಲೇ ಎಡವಿದ್ದು. ಆ ಮುಖ ಕೆಡಿಸಬಾರದು ಅಂತ ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸುತ್ತ ಹೋದೆ, ಗೋಡೆ ಹಳದಿಯಾಯಿತು, ನೆಲ ತಣ್ಣಗಾಯಿತು, ಕೊನೆಗೆ ಮುಖ ಬೇರೆ ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಹಾಗಿತ್ತು. ಇನ್ನೊಂದು 900 ರಿಯಾಲ್ ಖರ್ಚು.

ಆಮೇಲೆ ರಿಯೊಗೆ ಹೋಗಿ ಅವನದೇ ಮರ ಕಡಿಯುವವನ ಚಿತ್ರ ನೋಡಿದೆ. 1879ರದು, ಪ್ಯಾರಿಸ್‌ನಲ್ಲಿ ಬರೆದದ್ದು. ಚಕ್ರವರ್ತಿ ಎರಡನೇ ಪೆಡ್ರೊ ಕೊಟ್ಟ ದುಡ್ಡಿನಲ್ಲಿ 1876ರಲ್ಲಿ ಅಲ್ಲಿಗೆ ಹೋಗಿ ಕಬನೆಲ್ ಅನ್ನುವ ಚಿತ್ರಕಾರನ ಹತ್ತಿರ ಕಲಿತ ಹುಡುಗ. ಅಲ್ಲಿ ಮೈಕಟ್ಟೇ ಎಲ್ಲ. ಮೈ ಮೇಲಿನ ಬೆಳಕು ಸ್ಟುಡಿಯೊದ್ದು ಅಂತ ನೋಡಿದ ಕೂಡಲೇ ತಿಳಿಯುತ್ತದೆ. 1893ಕ್ಕೆ ಬರುವ ಹೊತ್ತಿಗೆ ಬೆಳಕು ಗೋಡೆಗೆ ಬಡಿದು ಮನುಷ್ಯನ ಮೇಲೆ ಬೀಳುತ್ತಿದೆ. ಅಂಗಿಯ ನೆರಳು ನೋಡಿ, ಅದರಲ್ಲಿ ಕಪ್ಪಿಲ್ಲ, ಮಣ್ಣಿನ ಬಣ್ಣವಿದೆ. ಹಾಗಾದರೆ ಗೋಡೆ ಗೊತ್ತಿಲ್ಲದೆ ಅಂಗಿ ಬರೆಯುವುದು ಹೇಗೆ, ಅಲ್ವಾ?

ಮೂರನೆಯದಕ್ಕೆ ತಿಳಿ ಬೂದು ಹಾಸು ಹಾಕಿ, ಗೋಡೆಯನ್ನು ಪೂರ್ತಿ ಮುಗಿಸಿದೆ. ಮನುಷ್ಯನ ಜಾಗ ಖಾಲಿ. ಇದನ್ನು ನೋಡಿದ ಇಲ್ಲಿನ ಇಬ್ಬರು ಪೇಂಟರ್‌ಗಳು ತಲೆ ಅಲ್ಲಾಡಿಸಿದರು. "ಆಕೃತಿ ಇಲ್ಲದೆ ಟೋನ್, ಅಂದರೆ ಬೆಳಕು-ನೆರಳಿನ ಹದ, ಹೇಗೆ ಗೊತ್ತಾಗುತ್ತೆ" ಅಂತ. ಗೋಡೆ ಒಣಗಿದ ಮೇಲೆ ನೆಲ, ಆಮೇಲೆ ಪಾದ, ಪ್ಯಾಂಟು, ಅಂಗಿ, ಕೈ. ಮುಖ ಕೊನೆಗೆ. ಎರಡೇ ದಿನದಲ್ಲಿ ಮುಗಿಯಿತು, ಯಾಕೆಂದರೆ ಅದರ ಬಣ್ಣವನ್ನೆಲ್ಲ ಸುತ್ತಲಿನದು ಆಗಲೇ ಹೇಳಿಬಿಟ್ಟಿತ್ತು. ಬಿಳಿಗೆ ಟೈಟೇನಿಯಂ ಒಂದೇ ಸಾಲಲ್ಲ, ಸುಣ್ಣದ ಹಾಗೆ ಆಗುತ್ತೆ. ಜಿಂಕ್ ಬಿಳಿ ಸ್ವಲ್ಪ, ಓಕರ್ ಅನ್ನುವ ಹಳದಿ ಮಣ್ಣಿನ ಬಣ್ಣ ಚೂರು ಸೇರಿಸಿದೆ. ಬಾಗಿಲ ಒಳಗಿನ ಕತ್ತಲೆಗೆ ಹಾಕಿದ ಗ್ಲೇಜ್ (ಒಳಗಿನದು ಕಾಣುವಂಥ ತೆಳು ಬಣ್ಣದ ಪದರ) ಏನು ಅಂತ ಮಾತ್ರ ಹೇಳಲ್ಲ, ಅದಕ್ಕೆ ಆರು ತಿಂಗಳು ಕೂತಿದ್ದೇನೆ.

ನಡುವೆ ಒಂದು ಪ್ರಯೋಗ ಮಾಡಿದೆ. ಅಲ್ಮೇಡಾ ಹುಟ್ಟಿದ್ದು ಇಟು ಊರಲ್ಲಿ, 1850ರಲ್ಲಿ. ಇಲ್ಲಿಂದ ಸುಮಾರು 100 ಕಿಲೋಮೀಟರ್. ಅಲ್ಲಿಗೆ ಹೋಗಿ ರಸ್ತೆ ಬದಿಯ ಮಣ್ಣು ಒಂದು ಡಬ್ಬಿ ತಂದೆ. ನೀರಲ್ಲಿ ಕಲಕಿ, ಮರಳು ಕೆಳಗೆ ಕೂತಮೇಲೆ ಮೇಲಿನ ಕೆನ್ನೀರು ಬಸಿದು, ಹೀಗೆ ಐದಾರು ಸಲ. ಒಣಗಿಸಿ ಅಗಸೆ ಎಣ್ಣೆಯಲ್ಲಿ ಗಾಜಿನ ಮೇಲೆ ಅರೆದೆ. ಎಣ್ಣೆ ವಿಪರೀತ ಕುಡಿಯುತ್ತದೆ. ಮೊದಲ ಸಲ ಎಣ್ಣೆ ಕಡಿಮೆಯಾಗಿ ಒಣಗಿದ ಮೇಲೆ ಬೆರಳಿಗೆ ಪುಡಿ ಅಂಟಿತು. ಎರಡನೇ ಸಲ ನಿಂತಿತು. ಗೋಡೆಯ ಕೆಳಭಾಗ, ಅಂಗೈಯಗಲ ಜಾಗದಲ್ಲಿ ಅದೇ ಮಣ್ಣಿದೆ. ತಡಿಕೆಗೆ ಮಣ್ಣು ಮೆತ್ತಿದ ಗೋಡೆಯ ತರಿತರಿ ಟ್ಯೂಬ್ ಬಣ್ಣದಲ್ಲಿ ಹಾಗೆ ಬರುವುದಿಲ್ಲ.

ಈ ಚಿತ್ರಕ್ಕೆ ಖರ್ಚು 700 ದಾಟಿಲ್ಲ. ಒಬ್ಬರು 5,000ಕ್ಕೆ ಕೇಳಿದರು, ಕೊಡಲಿಲ್ಲ.

ಅಲ್ಮೇಡಾಗೆ ಸಿಕ್ಕಿದ್ದು 49 ವರ್ಷ ಮಾತ್ರ. 1899ರ ನವೆಂಬರ್‌ನಲ್ಲಿ ಪಿರಾಸಿಕಾಬಾದಲ್ಲಿ ಸಂಬಂಧಿಕನೇ ಇರಿದು ಕೊಂದ. ಅದೇ ವರ್ಷ ಬರೆದ 'ಸೌದಾಡಿ' ಕೂಡ ಪಿನಾಕೊಟೆಕಾದಲ್ಲಿದೆ, ಕಪ್ಪು ಬಟ್ಟೆ ತೊಟ್ಟು ಕಿಟಕಿ ಪಕ್ಕ ಅಳುತ್ತಿರುವ ಹೆಂಗಸು. ಅದಕ್ಕೆ ಕ್ಯಾನ್ವಾಸ್ ಬಿಗಿದು ಇಟ್ಟಾಗಿದೆ. ಅಲ್ಲೂ ಗೋಡೆಯಿಂದಲೇ ಶುರು.