ದೊಡ್ಡಬೆಲೆ ದಾಟಿ ಸಣ್ಣ ಬೆಲೆಗೆ: ನನ್ನ ತುಮಕೂರು–ಬೆಂಗಳೂರು ಪಾಸಿನ ಲೆಕ್ಕ

ತುಮಕೂರಿನ ಬಟವಾಡಿಯ ಮನೆಯಿಂದ ಬೆಂಗಳೂರಿನ ಜಯನಗರದ ಆಫೀಸಿಗೆ ಹೋಗಿ ಬರಲು ಈಗ ನನಗೆ ತಿಂಗಳಿಗೆ ಎರಡು ಸಾವಿರದೊಳಗೆ ಖರ್ಚು. ಸುಮಾರು ಎಂಟು ತಿಂಗಳಿಂದ ಹೀಗೇ ನಡೆದಿದೆ. "ಆಗಲ್ಲ ಬಿಡೋ, ಎರಡು ತಿಂಗಳಿಗೆ ಸುಸ್ತಾಗಿ ಇಲ್ಲೇ ರೂಮ್ ಹುಡುಕ್ತೀಯ" ಎಂದು ಬೆಟ್ ಕಟ್ಟಿದ್ದ ಗೆಳೆಯ ಸೋತಿದ್ದಾನೆ. ಊಟ ಮಾತ್ರ ಇನ್ನೂ ಕೊಡಿಸಿಲ್ಲ.

ರೈಲಿನ ಸೀಸನ್ ಪಾಸ್ ಮಾಡಿಸುವುದು ಹೇಗೆ, ಕೌಂಟರ್ ಎಲ್ಲಿದೆ ಎಂದೆಲ್ಲ ಬರೆಯುವುದಿಲ್ಲ. ಈ ಲೈನಿನಲ್ಲಿ ಓಡಾಡುವವರಿಗೆ ಅದು ಗೊತ್ತು. ನಾನು ಎಲ್ಲೆಲ್ಲಿ ದುಡ್ಡು ಕಳೆದುಕೊಂಡೆ ಎಂಬುದನ್ನು ಹೇಳುತ್ತೇನೆ, ಅದು ನಿಮಗೆ ಜಾಸ್ತಿ ಉಪಯೋಗಕ್ಕೆ ಬರಬಹುದು.

ಕೊರೊನಾ ಆದಮೇಲೆ ಆಫೀಸ್ ಮತ್ತೆ ಶುರುವಾದಾಗ ಪಾಸ್ ಇರಲಿಲ್ಲ. ಪ್ಯಾಸೆಂಜರ್ ಗಾಡಿಗಳು ಸೊನ್ನೆಯಿಂದ ಶುರುವಾಗುವ ನಂಬರ್ ಹಚ್ಚಿಕೊಂಡು ಸ್ಪೆಷಲ್ ಆಗಿ ಬಂದವು. ಹತ್ತು ರೂಪಾಯಿ ಇದ್ದ ಕನಿಷ್ಠ ಟಿಕೆಟ್ ಮೂವತ್ತಾಯಿತು. ಅದೇ ಡಬ್ಬಿ, ಅದೇ ಮುರಿದ ಕಿಟಕಿ, ಹೆಸರು ಮಾತ್ರ ಎಕ್ಸ್‌ಪ್ರೆಸ್. ಸಿಟ್ಟಿಗೆ ಬೈಕ್ ಹತ್ತಿದೆ. ದಿನಕ್ಕೆ ಹೋಗಿ ಬರುವುದು ಸೇರಿ ನೂರೈವತ್ತು ಕಿಲೋಮೀಟರ್ ಹತ್ತಿರ. ಪೆಟ್ರೋಲ್ ನೂರು ದಾಟಿದ್ದ ಕಾಲ. ದಿನಕ್ಕೆ ಮುನ್ನೂರು ಎಂದರೂ ತಿಂಗಳಿಗೆ ಏಳು ಸಾವಿರದ ಮೇಲೆ ಬರೀ ಪೆಟ್ರೋಲ್‌ಗೆ. ಸರ್ವಿಸ್, ಟೈರ್, ನೆಲಮಂಗಲ ದಾಟಿದ ಮೇಲಿನ ಜಾಮ್‌ನಲ್ಲಿ ಹೋದ ಕ್ಲಚ್ ಪ್ಲೇಟ್ ಬೇರೆ. ಐದು ತಿಂಗಳಿಗೆ ಸೊಂಟ ಕೈಕೊಟ್ಟಿತು.

ಆಮೇಲೆ ಬಸ್. ದಿನಕ್ಕೆ ಇನ್ನೂರು ಎಂದು ಇಟ್ಟುಕೊಂಡರೆ ತಿಂಗಳಿಗೆ ಐದು ಸಾವಿರ. ಇಲ್ಲೊಂದು ಮನೆ ಜಗಳವನ್ನೂ ಹೇಳಿಬಿಡುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಅವತ್ತಿನಿಂದ ನನ್ನ ಹೆಂಡತಿ ಬೆಂಗಳೂರಿಗೆ ಸೊನ್ನೆ ರೂಪಾಯಿಗೆ ಹೋಗಿ ಬರುತ್ತಾಳೆ. ನಾನು ಏನೇ ಉಳಿತಾಯದ ಲೆಕ್ಕ ಹೇಳಿದರೂ "ನನ್ನದೆಷ್ಟು ಹೇಳಿ ನೋಡೋಣ?" ಎನ್ನುತ್ತಾಳೆ. ಹಾಗಾಗಿ ಈ ಲೇಖನದ ದಾಖಲೆ ನಮ್ಮ ಮನೆಯ ಗಂಡಸರ ವಿಭಾಗಕ್ಕೆ ಮಾತ್ರ.

2024ರ ಫೆಬ್ರವರಿ ಕೊನೆಗೆ ಪ್ಯಾಸೆಂಜರ್ ದರ ಮತ್ತೆ ಹಳೆಯದಕ್ಕೆ ಇಳಿಯಿತು. ನಾನು ಅದಕ್ಕೂ ಮೊದಲೇ ಪಾಸ್‌ಗೆ ವಾಪಸ್ ಬಂದಿದ್ದೆ. ಎಪ್ಪತ್ತು ಕಿಲೋಮೀಟರ್ ದೂರಕ್ಕೆ ತಿಂಗಳಿಗೆ ಮುನ್ನೂರರ ಆಸುಪಾಸು. ಏಳೆಂಟು ದಿನ ಹೋಗಿ ಬಂದರೆ ಕಾಸು ವಾಪಸ್, ಉಳಿದ ದಿನವೆಲ್ಲ ಪುಕ್ಕಟೆ ಎಂದೇ ಲೆಕ್ಕ. ಮೂರು ತಿಂಗಳದ್ದು ತಿಂಗಳ ಪಾಸಿನ 2.7 ಪಟ್ಟು, ಅಂದರೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಖುಷಿಯಿಂದ ಮೂರು ತಿಂಗಳದ್ದೇ ತಗೊಂಡೆ. ಎರಡನೇ ವಾರಕ್ಕೆ ಅಪ್ಪನ ಆಪರೇಷನ್. ಮೂರು ವಾರ ರಜೆ. ಉಳಿದದ್ದೆಲ್ಲ ಅಲ್ಲಿಗೆ ಹೋಯಿತು. ಈಗ ದಸರಾ ರಜೆ, ಊರ ಜಾತ್ರೆ ನೋಡಿಕೊಂಡು, ಮಧ್ಯೆ ರಜೆ ಬೀಳದ ತಿಂಗಳುಗಳಿಗೆ ಮಾತ್ರ ಮೂರರದ್ದು, ಉಳಿದಂತೆ ಒಂದೊಂದೇ ತಿಂಗಳು.

ದಂಡ ಕಟ್ಟಿದ್ದು ಎರಡು ಸಲ. ಎರಡೂ ನನ್ನದೇ ತಪ್ಪು. ಮೊದಲನೆಯದು ಮೊಬೈಲ್ ಪಾಸ್. ಹಳೆಯದು ಭಾನುವಾರಕ್ಕೆ ಮುಗಿದಿತ್ತು. ಸೋಮವಾರ ಬೆಳಗ್ಗೆ ಸ್ಟೇಷನ್‌ಗೆ ಬರುವ ದಾರಿಯಲ್ಲಿ ರೈಲ್ವೆ ಟಿಕೆಟ್ ಕೊಳ್ಳುವ ಯುಟಿಎಸ್ ಆ್ಯಪ್‌ನಲ್ಲಿ ಹೊಸದು ಮಾಡಿಸಿ ಆರಾಮಾಗಿ ಕೂತೆ. ಯಶವಂತಪುರದ ಹತ್ತಿರ ಟಿಟಿಇ ಬಂದರು. ಫೋನ್ ನೋಡಿ, "ಸ್ವಾಮಿ, ಇದು ನಾಳೆಯಿಂದ" ಎಂದರು. ನೋಡಿದರೆ ಹೌದು, ಆ್ಯಪ್‌ನಲ್ಲಿ ಮಾಡಿಸಿದ ಪಾಸ್ ಮಾರನೇ ದಿನದಿಂದ ಚಾಲ್ತಿ. ಓದಿರಲಿಲ್ಲ. ಇನ್ನೂರೈವತ್ತು ದಂಡ, ಮೇಲೆ ಟಿಕೆಟ್ ದುಡ್ಡು. ಒಂದು ತಿಂಗಳ ಪಾಸಿನಷ್ಟು ಒಂದೇ ಬೆಳಗ್ಗೆ ಹೋಯಿತು. ಎರಡನೆಯದು ಇನ್ನೂ ಪೆದ್ದುತನ. ಗಾಡಿ ತಪ್ಪಿತೆಂದು ಹಿಂದಿನಿಂದ ಬಂದ ಸೂಪರ್‌ಫಾಸ್ಟ್ ಹತ್ತಿದೆ, ಅದೂ ಸ್ಲೀಪರ್ ಡಬ್ಬಿಗೆ. ಸರ್‌ಚಾರ್ಜ್ ಕಟ್ಟದ ಪಾಸ್ ಇಟ್ಟುಕೊಂಡು. ಮೊತ್ತ ಹೇಳಲ್ಲ, ಹೆಂಡತಿ ಓದುತ್ತಾಳೆ.

ಈಗ ನಾನು ಕೌಂಟರ್‌ನ ಕಾಗದದ ಪಾಸ್‌ಗೇ ವಾಪಸ್. ಫೋನ್ ಚಾರ್ಜ್ ಸತ್ತರೂ ಚಿಂತೆ ಇಲ್ಲ. ಆದರೆ ಅಂಗಿ ಜೇಬಲ್ಲಿ ಇಡಬೇಡಿ. ಏಪ್ರಿಲ್ ತಿಂಗಳ ಬೆವರಿಗೆ ನನ್ನದರಲ್ಲಿ 'ತುಮಕೂರು' ಅಳಿಸಿ ಬರೀ 'ರು' ಉಳಿದಿತ್ತು. ಮದುವೆ ಲಗ್ನಪತ್ರಿಕೆಯ ಪ್ಲಾಸ್ಟಿಕ್ ಕವರ್ ಅಳತೆಗೆ ಸರಿಯಾಗಿ ಹೊಂದುತ್ತದೆ. ಮಡಚಿ ಗುರುತಿನ ಕಾರ್ಡ್ ಜೊತೆ ಅದರಲ್ಲಿ ತುರುಕಿದರೆ ಮುಗಿಯಿತು.

ರೈಲಿನ ಲೆಕ್ಕ ಸುಲಭ. ಬೆಂಗಳೂರಲ್ಲಿ ಇಳಿದ ಮೇಲಿನದೇ ಕಷ್ಟ. ಮೊದಲು ನಾನು ಯಶವಂತಪುರದಲ್ಲಿ ಇಳಿದು ಮೆಟ್ರೊ ಹತ್ತುತ್ತಿದ್ದೆ. ಹಸಿರು ಲೈನ್, ಬದಲಾಯಿಸುವ ಗೋಜಿಲ್ಲ, ನೇರ ಜಯನಗರ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿತು, ಗರಿಷ್ಠ 60 ಇದ್ದದ್ದು 90ಕ್ಕೆ ಹೋಯಿತು. ನನ್ನ ದಾರಿಗೆ ಒಂದು ಕಡೆಗೇ ಅರವತ್ತರ ಹತ್ತಿರ ಆಯಿತು. ತಿಂಗಳಿಗೆ ಮೂರು ಸಾವಿರ! ತುಮಕೂರಿನಿಂದ ಯಶವಂತಪುರದವರೆಗಿನ ಅರವತ್ತು ಚಿಲ್ಲರೆ ಕಿಲೋಮೀಟರ್‌ಗೆ ಮುನ್ನೂರು, ಊರೊಳಗಿನ ಹದಿಮೂರು ಹದಿನಾಲ್ಕಕ್ಕೆ ಮೂರು ಸಾವಿರ. ಅವತ್ತು ಕೂತು ಲೆಕ್ಕ ಹಾಕಿದೆ.

ಒಂದು ತಿಂಗಳು ಬಿಎಂಟಿಸಿ ಮಾಸಿಕ ಪಾಸ್ ಮಾಡಿಸಿದೆ. 1200 ರೂಪಾಯಿ. ಬೆಳಗ್ಗೆ ಪರವಾಗಿಲ್ಲ, ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಬಸ್‌ಗೇನು ಬರ. ಸಂಜೆ ಮಾತ್ರ ಟೌನ್‌ಹಾಲ್ ಸಿಗ್ನಲ್‌ನಲ್ಲಿ ನಿಂತು ನನ್ನ ಗಾಡಿ ಹೊರಡುವ ಹೊತ್ತನ್ನು ಗಡಿಯಾರದಲ್ಲಿ ನೋಡಿದ್ದೇ ನೋಡಿದ್ದು. ಆ ತಿಂಗಳು ಆರು ಸಲ ಗಾಡಿ ತಪ್ಪಿತು. ತಪ್ಪಿದಾಗಲೆಲ್ಲ ತುಮಕೂರಿಗೆ ಬಸ್, ಅಂದರೆ ಒಟ್ಟು ಆರುನೂರು ದಂಡ. ಚಿಕ್ಕಬಾಣಾವರದಲ್ಲಿ ಇಳಿದು ಬಸ್ ಹಿಡಿಯುವುದನ್ನೂ ನೋಡಿದೆ. ಪೀಣ್ಯ, ಜಾಲಹಳ್ಳಿ ಕಡೆ ಕೆಲಸ ಇರುವವರಿಗೆ ಅದು ಸರಿ. ಜಯನಗರಕ್ಕೆ ಹುಚ್ಚಾಟ.

ಕೊನೆಗೆ ಸರಿಹೋದದ್ದು ಹೀಗೆ. ಬೆಳಗ್ಗೆ ಯಶವಂತಪುರದಲ್ಲಿ ಇಳಿಯುವುದಿಲ್ಲ. ಪಾಸ್ ಮೆಜೆಸ್ಟಿಕ್ ಹತ್ತಿರದ ಸಿಟಿ ಸ್ಟೇಷನ್‌ವರೆಗೂ ಇದೆ, ಕೂತೇ ಬರುತ್ತೇನೆ. ಮೆಜೆಸ್ಟಿಕ್‌ನಿಂದ ಸಾದಾ ಬಸ್, ಇಪ್ಪತ್ತು ಚಿಲ್ಲರೆ. ಹತ್ತು ನಿಮಿಷ ಹಿಂದೆ ಮುಂದೆ ಆದರೆ ಆಫೀಸಿನಲ್ಲಿ ಯಾರೂ ಕೇಳುವುದಿಲ್ಲ. ಸಂಜೆ ಮಾತ್ರ ಮೆಟ್ರೊ, ಜಯನಗರದಿಂದ ಮೆಜೆಸ್ಟಿಕ್‌ವರೆಗೆ. ಕಾರ್ಡ್‌ನ ಶೇಕಡ 5 ಕಡಿತ ಕಳೆದು ಮೂವತ್ತೈದರ ಒಳಗೆ ಅಂದುಕೊಳ್ಳಿ. ಸಂಜೆ ಗಾಡಿ ನನಗೆ ಕಾಯುವುದಿಲ್ಲ, ಅದಕ್ಕೆ ದುಡ್ಡು ಅಲ್ಲಿ ಹಾಕುತ್ತೇನೆ. ಸುಮ್ನೆ ಎರಡೂ ಕಡೆ ಒಂದೇ ವಾಹನ ಎಂದು ಹಟ ಹಿಡಿದದ್ದೇ ನನ್ನ ಎರಡು ವರ್ಷದ ತಪ್ಪು.

ರೈಲು ಪಾಸ್ ಮುನ್ನೂರು, ಬೆಳಗಿನ ಬಸ್ ಐನೂರೈವತ್ತು, ಸಂಜೆ ಮೆಟ್ರೊ ಎಂಟುನೂರು, ಸ್ಟೇಷನ್‌ನಲ್ಲಿ ಸೈಕಲ್ ನಿಲ್ಲಿಸಲು ನೂರೈವತ್ತು. ಸಾವಿರದ ಎಂಟುನೂರು ಆಯಿತಲ್ವಾ? ಬೈಕ್ ಬಿಟ್ಟು ಸೈಕಲ್ ಹಿಡಿದದ್ದೂ ಒಂದು ಪ್ರಯೋಗ. ಸ್ಟ್ಯಾಂಡ್ ಖರ್ಚು ಅರ್ಧ ಆಯಿತು. ಮಳೆಗಾಲದಲ್ಲಿ ಸೀಟಿಗೆ ಕವರ್ ಹಾಕಲು ಮರೆತರೆ ರಾತ್ರಿ ಮನೆಗೆ ನಿಂತೇ ತುಳಿಯಬೇಕು, ಅಷ್ಟೇ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇದರಲ್ಲಿ ಸೇರಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು ಆ ಸ್ಟೇಷನ್‌ನಲ್ಲಿ ಹತ್ತುತ್ತಾರೆ, ಪಾರ್ಸೆಲ್ ತರುತ್ತಾರೆ. ಅದು ಮನರಂಜನೆ ಖಾತೆ. ರೈಲಿಗೇ ಹುಟ್ಟುಹಬ್ಬ ಮಾಡಿ, ಇಂಜಿನ್‌ಗೆ ಹೂವಿನ ಹಾರ ಹಾಕಿ ಸಿಹಿ ಹಂಚುವ ಜನ ನಮ್ಮ ಲೈನಿನವರು, ಗೊತ್ತಲ್ಲ. ಆ ಚಂದಾ ಕೂಡ ಅದೇ ಖಾತೆಯಿಂದ.

ಇನ್ನು ಹೊಸ ಗಾಡಿಗಳ ವಿಷಯ. ಧಾರವಾಡದ ವಂದೇ ಭಾರತ್ 2023ರ ಜೂನ್‌ನಲ್ಲಿ ಬಂತು. ಮರುವರ್ಷ ಆಗಸ್ಟ್‌ನಲ್ಲಿ ತುಮಕೂರಲ್ಲೂ ನಿಲ್ಲತೊಡಗಿತು. ಆಫೀಸಿನಲ್ಲಿ ಎಲ್ಲರೂ "ಇನ್ನೇನಪ್ಪ, ಏಸಿಯಲ್ಲಿ ಬರ್ತೀಯ" ಎಂದರು. ಟೈಮ್ ಟೇಬಲ್ ನೋಡಿದವರು ಹಾಗೆ ಹೇಳಲ್ಲ. ಬೆಳಗ್ಗೆ ಅದು ಬೆಂಗಳೂರು ಬಿಟ್ಟು ಧಾರವಾಡದ ಕಡೆ ಓಡುತ್ತದೆ. ಸಂಜೆ ನಾನು ಮನೆಗೆ ಬರುವಾಗ ಅದು ಬೆಂಗಳೂರಿಗೆ. ದಿನಾ ಎದುರುಬದುರಾಗುತ್ತೇವೆ, ಅಷ್ಟೇ ಸಂಬಂಧ. ನಮ್ಮ ಪಾಸ್ ಅದರಲ್ಲಿ ನಡೆಯಲ್ಲ. ಟಿಕೆಟ್ ನಾನೂರರ ಮೇಲೆ, ಅಂದರೆ ಒಂದು ಸಲದ ದುಡ್ಡಿಗೆ ನನಗೆ ತಿಂಗಳ ಪಾಸ್ ಬಂದು ಮಸಾಲೆ ದೋಸೆಗೂ ಉಳಿಯುತ್ತದೆ.

ಆದರೂ ಒಂದು ಭಾನುವಾರ ಸಂಜೆ ಮಗಳನ್ನು ಹತ್ತಿಸಿದೆ. ನೋಡಿಬಿಡೋಣ ಎಂದು. ಅವಳು ತಾನಾಗಿ ತೆರೆಯುವ ಬಾಗಿಲನ್ನೇ ನೋಡುತ್ತ ನಿಂತಳು. ದೊಡ್ಡಬೆಲೆ ಸ್ಟೇಷನ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ನಮ್ಮ ಗಾಡಿಯನ್ನು ಅಲ್ಲಿ ಲೂಪ್‌ಗೆ ಹಾಕಿ, ಪಕ್ಕದ ಹಳಿಯಲ್ಲಿ ನಿಲ್ಲಿಸಿದಾಗ ನಾನು ಆ ಬೋರ್ಡ್ ಅದೆಷ್ಟು ಸಲ ಓದಿದ್ದೇನೋ. "ಅಪ್ಪ, ಇದಕ್ಕೇ ದೊಡ್ಡ ಬೆಲೆನಾ?" ಎಂದಳು. ಇಬ್ಬರಿಗೂ ಸೇರಿ ಎಂಟುನೂರು ದಾಟಿತ್ತು, ಹೌದು ಎಂದೆ.

ನನಗೆ ಕೆಲಸಕ್ಕೆ ಬಂದ ಹೊಸ ಗಾಡಿ ಅಂದರೆ 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ತುಮಕೂರು–ಯಶವಂತಪುರ ಮೆಮು, ಅಂದರೆ ಕರೆಂಟಿನಲ್ಲಿ ಓಡುವ ಲೋಕಲ್ ಗಾಡಿ. ಸ್ಟೇಷನ್ ಬಿಟ್ಟ ಕೂಡಲೇ ವೇಗ ಹಿಡಿಯುತ್ತದೆ, ಸಣ್ಣ ಸ್ಟೇಷನ್‌ಗಳಲ್ಲೂ ನಿಲ್ಲುತ್ತದೆ, ಪಾಸ್ ನಡೆಯುತ್ತದೆ. ಬೆಳಗ್ಗೆ ಅದು ಯಶವಂತಪುರ ಮುಟ್ಟುವುದು ಹತ್ತರ ಮೇಲೆ, ಹತ್ತಕ್ಕೆ ಪಂಚ್ ಮಾಡುವ ನನ್ನಂಥವರಿಗೆ ತಡ. ಸಂಜೆ ಆರಕ್ಕೂ ಮೊದಲೇ ಅಲ್ಲಿಂದ ಹೊರಡುತ್ತದೆ, ಅದು ಬೇಗ. ಹಾಗಾಗಿ ನನ್ನ ಊಟ ಹಳೇ ಗಾಡಿಯಲ್ಲೇ, ಮೆಮು ಉಪ್ಪಿನಕಾಯಿ.

2025ರ ಜುಲೈನಲ್ಲಿ ರೈಲು ದರ ಏರಿದಾಗ ನಮ್ಮ ಡಬ್ಬಿಯಲ್ಲಿ ಗಲಾಟೆಯೋ ಗಲಾಟೆ. ಡಿಸೆಂಬರ್ ಕೊನೆಗೆ ಮತ್ತೊಂದು ಸಲ. ಎರಡು ಸಲವೂ ಸೀಸನ್ ಪಾಸ್ ಮುಟ್ಟಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಬಸ್ ದರ ಶೇಕಡ 15 ಏರಿತ್ತು, ಫೆಬ್ರವರಿಯಲ್ಲಿ ಮೆಟ್ರೊ. ನನ್ನ ಖರ್ಚಿನ ಪುಸ್ತಕದಲ್ಲಿ ಕದಲದ ಸಾಲು ರೈಲು ಪಾಸಿನದು ಒಂದೇ. ಚಿಕ್ಕಬಾಣಾವರದಿಂದ ಸಬರ್ಬನ್ 'ಮಲ್ಲಿಗೆ' ಲೈನ್, ತುಮಕೂರಿಗೇ ಮೆಟ್ರೊ ಎಂದೆಲ್ಲ ಮಾತು ದಿನಾ ನಡೆಯುತ್ತದೆ. ಬರಲಿ, ಬಂದಾಗ ಮತ್ತೆ ಲೆಕ್ಕ ಹಾಕುವೆ.

ಸಂಜೆ ಮೆಜೆಸ್ಟಿಕ್‌ನಲ್ಲಿ ಅಷ್ಟು ಜನದ ಮಧ್ಯೆ ಕಿಟಕಿ ಪಕ್ಕ ಸೀಟು ಹೇಗೆ ಸಿಗುತ್ತದೆ ಎಂದು ಸುಮಾರು ಜನ ಕೇಳಿದ್ದಾರೆ. ಅದಕ್ಕೊಂದು ಉಪಾಯ ಇದೆ. ಪ್ಲಾಟ್‌ಫಾರ್ಮ್‌ನ ಒಂದು ನಲ್ಲಿಗೂ ಒಂದು ಕಂಬಕ್ಕೂ ಸಂಬಂಧಪಟ್ಟದ್ದು ಎಂದಷ್ಟೇ ಹೇಳುತ್ತೇನೆ. ಪೂರ್ತಿ ಹೇಳಿದರೆ ಮರುದಿನ ನನಗೇ ನಿಲ್ಲುವ ಜಾಗ ಇರಲ್ಲ.

ಈಗ ಶನಿವಾರಗಳ ಪ್ರಯೋಗ ನಡೆದಿದೆ. ಅವತ್ತು ನಮ್ಮ ಆಫೀಸ್ ಹನ್ನೊಂದೂವರೆಗೆ, ಹಾಗಾಗಿ ಬೆಳಗ್ಗೆ ಮೆಮು. ಯಶವಂತಪುರದಿಂದ ಬಸ್. ಮೂರು ಶನಿವಾರ ನೋಡಿದೆ. ಎರಡು ಸಲ ಟೈಮಿಗೆ ಮುಟ್ಟಿದೆ, ಒಂದು ಸಲ ಬಸ್ಸಿನಲ್ಲಿ ನಿದ್ದೆ ಹೋಗಿ ಬನಶಂಕರಿ ಸೇರಿದ್ದೆ.