ಲೈಟ್ ಹೋದಾಗ ರೆಕಾರ್ಡಿಂಗ್: ನನ್ನ ಅನುಭವ

ಬನಹಟ್ಟ್ಯಾಗ ಮನ್ಯಾಗ ಕುಂತು ತತ್ವಪದ ರೆಕಾರ್ಡ್ ಮಾಡ್ತೀನಿ ಅಂದಾಗ ನಮ್ಮ ಭಜನಾ ಮಂದಿ ಎಲ್ಲಾ ನಕ್ಕಿದ್ರು. ಅವರದೂ ತಪ್ಪಿಲ್ಲ ಬಿಡ್ರಿ, ನಮ್ಮ ಓಣ್ಯಾಗ ಎಡಕ್ಕೂ ಪಾವರ್‌ಲೂಮ್, ಬಲಕ್ಕೂ ಪಾವರ್‌ಲೂಮ್, ಖಟಪಟ ಖಟಪಟ ಅನ್ನೂದು ನಿಲ್ಲೂದ ಇಲ್ಲ.

ಮೊದಲ 900 ರೂಪಾಯಿದೊಂದು ಯುಎಸ್‌ಬಿ ಸೌಂಡ್ ಕಾರ್ಡ್ ತಂದಿದ್ದೆ, ಅದರಾಗ ಪದಕ್ಕಿಂತ ಸುಂಯ್ ಅನ್ನೂದ ಜಾಸ್ತಿ. ಆಮ್ಯಾಲ ಗೆಳೆಯಾನ ಕಡೆ ಸೆಕೆಂಡ್ ಹ್ಯಾಂಡ್ ಸ್ಕಾರ್ಲೆಟ್ ಸೋಲೋ ಅನ್ನೂ ಆಡಿಯೋ ಇಂಟರ್‌ಫೇಸ್ (ಮೈಕಿನ ದನಿ ಲ್ಯಾಪ್‌ಟಾಪಿಗೆ ಮುಟ್ಟಸೂ ಡಬ್ಬಿ) ತಗೊಂಡೆ, ಸುಮಾರು ಆರೂವರಿ ಸಾವಿರ, ಕಂಡೆನ್ಸರ್ ಮೈಕು ಸ್ಟ್ಯಾಂಡು ಕೇಬಲ್ಲು ಹಿಡದ 12 ಸಾವಿರದ ಆಸುಪಾಸು ಹೋತು. ಅವ್ವಗ 5 ಅಂತ ಹೇಳೇನಿ.

ಕಂಡೆನ್ಸರ್ ಮೈಕಿಗೆ ಕರೆಂಟ್ ಕೊಡೂ 48 ವೋಲ್ಟ್ ಬಟನ್ ಒತ್ತಿ, ಏಕತಾರಿ ಹಿಡದು ಹಾಡೂ ನಮ್ಮ ಕಾಕಾನ ಮುಂದ ಮೈಕ್ ಇಟ್ಟೆ. ಏಕತಾರಿ ದನಿ ಸಣ್ಣದು, ಅದಕ್ಕಂತ ಗೇನ್ (ಮೈಕಿನ ದನಿ ಹೆಚ್ಚು ಮಾಡೂದು) ಏರಿಸಿದ್ರ ಮಗ್ಗಾನೂ ಹಾಡಾಕ ಬಂತು, ಮ್ಯಾಲ ಚಾರ್ಜರ್‌ದು ಗುಂಯ್ ಅಂತ ಹಮ್ ಬ್ಯಾರೆ. ಸಪ್ಪಳ ತಡಿಯಾಕ ತತ್ತಿ ಟ್ರೇ ಗ್ವಾಡಿಗೆ ಬಡದೆ, ಏನೂ ಉಪಯೋಗಿಲ್ಲ, ಜಿರಳಿ ಬಂದ್ವು ಅಷ್ಟ. ಅವ್ವನ ನಾಕು ಕೌದಿ ಹಗ್ಗಕ್ಕ ಹಾಕಿದ್ ಮ್ಯಾಲ ಖೋಲಿ ಒಳಗಿನ ಗಂಯ್‌ಗುಡೂದು ಸತ್ತು ಹೋತು, ಖರೇ ಮಜಾ ಬಂತು, ಆದ್ರ ಹೊರಗಿನ ಮಗ್ಗಕ್ಕ ಕೌದಿ ಏನ್ ಮಾಡ್ತೈತಿ? ಜ್ವಾಳದ ಚೀಲ ಮೂಲ್ಯಾಗ ಇಟ್ಟೂ ನೋಡೇನಿ, ಬೇಸ್ ಸ್ವಲ್ಪ ತಿಳಿ ಆತು ಅನಸ್ತು, ಇಲಿ ಬಂದ್ವು ಅಂತ ತಗದ್ವಿ.

ಒಂದಿನ ಟೇಕ್ ನಡದಾಗನ ಲೈಟ್ ಹ್ವಾದ್ವು. ಮಗ್ಗ ಎಲ್ಲಾ ಒಮ್ಮೆಲೆ ಬಂದ್, ಫ್ಯಾನ್ ಬಂದ್, ಫ್ರಿಜ್ ಬಂದ್, ಆದ್ರ ಸೋಲೋಕ್ಕ ಕರೆಂಟ್ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದನ ಹೋಗ್ತೈತಲಾ, ರೆಕಾರ್ಡಿಂಗ್ ನಿಲ್ಲಲಿಲ್ಲ. ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರ ಹಮ್ಮೂ ಇಲ್ಲ, ಏಕತಾರಿ ತಂತಿ ಮ್ಯಾಲ ಕಾಕಾನ ಬೆರಳು ಜಾರೂದೂ ಕೇಳ್ತೈತಿ! ಅವತ್ತ ಠರಾಸಿದೆ, ಇನ್ ಮ್ಯಾಲ ಲೈಟ್ ಹೋದಾಗನ ಹಾಡೂದು ಅಂತ.

ಅದರಾಗೂ ಎರಡು ಸಲ ಕೆಟ್ಟೇನಿ. ಬ್ಯಾಟರಿ ಮ್ಯಾಲ ಬಂದ ಕೂಡ್ಲೆ ವಿಂಡೋಸ್ ಪಾವರ್ ಸೇವರ್‌ಗೆ ಹೋಗಿ ಪಟ್ ಪಟ್ ಅಂತ ಕ್ರ್ಯಾಕಲ್, ಒಂದಿಡೀ ಪದ ಹಾಳಾತು. ಹೈ ಪರ್ಫಾರ್ಮನ್ಸ್‌ಗೆ ಇಟ್ಟು ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಕರೆಂಟ್ ಉಳಸಾಕ ವಿಂಡೋಸ್ ಯುಎಸ್‌ಬಿ ಮಲಗಸೂದು) ಆಫ್ ಮಾಡಿದ್ ಮ್ಯಾಲ ಸರಿ ಹೋತು. ನಂದು ಹಳೇ ಐ3 ಲ್ಯಾಪ್‌ಟಾಪ್, ಬಫರ್ (ಒಮ್ಮೆಗೆ ಎಷ್ಟು ದನಿ ತುಂಬಕೊಂಡು ಕೆಲಸಾ ಮಾಡೂದು ಅನ್ನೂದು) 128ಕ್ಕ ಇಟ್ರ ಜಗ್ಗಂಗಿಲ್ಲ, 256ಕ್ಕ ಬಿಟ್ಟೇನಿ. ಸೋಲೋದಾಗಿನ ಡೈರೆಕ್ಟ್ ಮಾನಿಟರ್ (ಮೈಕಿನ ದನಿ ಲ್ಯಾಪ್‌ಟಾಪ್ ಸುತ್ತದ ಸೀದಾ ಹೆಡ್‌ಫೋನಿಗೆ ಬರೂದು) ಆನ್ ಇದ್ರ ಹಾಡವ್ರಿಗೆ ತಡಾ ಆಗೂ ಚಿಂತಿನ ಇಲ್ಲ, ಆದ್ರ ರೀಪರ್ ಅನ್ನೂ ರೆಕಾರ್ಡಿಂಗ್ ಸಾಫ್ಟ್‌ವೇರ್‌ದಾಗ ಮಾನಿಟರಿಂಗ್ ಆಫ್ ಮಾಡೂದ ಮರತ್ರ ಕಾಕಾಗ ತಮ್ಮ ದನಿ ಎರಡೆರಡು ಸಲ ಕೇಳ್ತೈತಿ, ಅವರು ಬೈಯೂದ ಬಿಟ್ಟು ಹಾಡಂಗಿಲ್ಲ. ಇನ್ನೊಂದು ಸಲ ಇನ್ವರ್ಟರ್ ಮ್ಯಾಲ ಚಾರ್ಜರ್ ಹಚ್ಚಿದೆ, ಹಮ್ ಮೊದಲಿನಕಿಂತ ಜೋರು. ಹಚ್ಚಬ್ಯಾಡ್ರಿ. ಬರೇ ಬ್ಯಾಟರಿ ಮ್ಯಾಲ ನಂದು ಒಂದೂವರಿ ತಾಸು ಬರ್ತೈತಿ, ಪೀಕ್ (ದನಿ ಏರೂ ತುದಿ) -12 ಡಿಬಿ ಸುತ್ತಮುತ್ತ ಇಟ್ಕೊಂಡು ಮೂರ್ನಾಕು ಪದ ಮುಗಸ್ತೀವಿ.

ಮೈಕ್ ಎಲ್ಲಿ ಇಡ್ತೀನಿ ಅಂತ ಮೇಳದವರು ಈಗ ಕೇಳಾಕತ್ಯಾರ, ಅವತ್ತ ನಕ್ಕವರ. ಕಾಕಾನ ಬಾಯಿ ಮುಂದ ಅಂತೂ ಅಲ್ಲ, ಅಷ್ಟ ಹೇಳ್ತೀನಿ.

ನಾಳೆ ಮುಂಜಾನೆ 10ರಿಂದ ಲೈಟ್ ಇರಂಗಿಲ್ಲ ಅಂತ ಗೊತ್ತಾದ್ರ ಓಣಿ ಮಂದಿ ಎಲ್ಲಾ ಬೈಕೋತ ಕುಂಡ್ರತಾರ. ನಮ್ಮ ಕಾಕಾ ಹಿಂದಿನ ರಾತ್ರಿನ ಫೋನ್ ಹಚ್ಚಿ ಲ್ಯಾಪ್‌ಟಾಪ್ ಚಾರ್ಜ್ ಆಗೇತೇನೋ ಅಂತ ಕೇಳ್ತಾರ.